ಕರ್ಟನ್ ಮಾಸ್ಟ್ರ ಒಳಮನೆ ಶೂ

ನಮ್ಮ ಬೀದಿಯ ಕರ್ಟನ್ ಮಾಸ್ಟ್ರಿಗೆ ಹುಟ್ಟಿನಿಂದಲೇ ಎಡಗಾಲು ಗಿಡ್ಡ. ಎಡಶೂವಿನ ಅಟ್ಟೆ ಇಟ್ಟಿಗೆಯಷ್ಟು ದಪ್ಪ. ಅದಿದ್ದರೆ ನೆಟ್ಟಗೆ ನಿಲ್ಲುತ್ತಾರೆ. ಇಲ್ಲದಿದ್ದರೆ ಗೋಡೆ ಹಿಡಿಯಬೇಕು. ಕೆಲಸವೋ, ಕಂಡವರ ಮನೆಗೆ ಹೋಗಿ, ಸ್ಟೂಲು ಹತ್ತಿ ಕಿಟಕಿ ಅಳೆದು ಬಂದು ಪರದೆ ಹೊಲಿಯುವುದು.

ಹೊಸ್ತಿಲಲ್ಲಿ ಚಪ್ಪಲಿ ಬಿಡುವುದು ಒಳ್ಳೆಯ ರೂಢಿ, ನನ್ನ ತಕರಾರಿಲ್ಲ. ಮಾಸ್ಟ್ರದ್ದೂ ಇಲ್ಲ. ಅದಕ್ಕೇ ಅವರು ಅಂಥದ್ದೇ ಇನ್ನೊಂದು ಜೊತೆ ಮಾಡಿಸಿ ಬಟ್ಟೆಚೀಲದಲ್ಲಿ ಇಟ್ಟುಕೊಂಡಿದ್ದಾರೆ. ಬಾಗಿಲಲ್ಲಿ ಕೂತು ಬೀದಿಯ ಜೊತೆ ಕಳಚಿ ಇದನ್ನು ಹಾಕಿಕೊಳ್ಳುತ್ತಾರೆ. ಬೀದಿಯ ಧೂಳನ್ನೇ ಕಾಣದ ಶೂ. ಎಷ್ಟೋ ಮನೆಗಳ ನೆಲ ಅದಕ್ಕಿಂತ ಕೊಳಕಾಗಿರುತ್ತದೆ.

ಹೋದ ತಿಂಗಳು ಮೂರನೇ ಮಹಡಿಯ ಮನೆಯೊಡತಿ ಅದನ್ನೂ ಒಪ್ಪಲಿಲ್ಲ.

"ಅಲ್ಲಮ್ಮಾ, ಇದು ಮನೆಯೊಳಗೆ ಹಾಕ್ಕೊಳೋದಕ್ಕೇ ಮಾಡ್ಸಿರೋದು. ಬೇಕಾದ್ರೆ ಮುಟ್ಟಿ ನೋಡಿ."

"ಇರಬಹುದು ಮಾಸ್ಟ್ರೇ. ಆದ್ರೂ ಶೂ ಶೂನೇ ಅಲ್ವಾ? ನಮ್ಮತ್ತೆಗೆ ಆಗಲ್ಲ."

ಅತ್ತೆ ಒಳಗೆ ಟೀವಿ ನೋಡುತ್ತಿದ್ದರು. ಅವರನ್ನು ಯಾರೂ ಕೇಳಲಿಲ್ಲ. ಬೀದಿ ಸುತ್ತಿ ಬಂದ ಆ ಮನೆಯ ನಾಯಿ ಮಾತ್ರ ಮಾಸ್ಟ್ರನ್ನು ದಾಟಿ ಒಳಗೆ ಹೋಗಿ ಸೋಫಾ ಏರಿತು. ಅದರ ನಾಲ್ಕು ಕಾಲೂ ಸಮ ಇದ್ದವಲ್ಲ.

ಮಾಸ್ಟ್ರು ಶೂ ಬಿಚ್ಚಿದರು. ಇನ್ನು ಸ್ಟೂಲು ಹತ್ತುವ ಹಾಗಿಲ್ಲ. ಆಕೆಯ ಗಂಡನೇ ಹತ್ತಿ ಟೇಪಿನ ಮೇಲ್ತುದಿ ಹಿಡಿದ. ಹಿಡಿಯಬೇಕಾದದ್ದು ಕರ್ಟನ್ ರಾಡಿನ ಹತ್ತಿರ. ಫೋನಿನಲ್ಲಿ ಮಾತಾಡುತ್ತಾ ಆತ ಹಿಡಿದದ್ದು ಅದರ ಕೆಳಗೆ, ಕಿಟಕಿಯ ಚೌಕಟ್ಟಿಗೆ. ಒಂಟಿಕಾಲಲ್ಲಿ ಬಗ್ಗಿ ಕೆಳತುದಿ ನೋಡುತ್ತಿದ್ದ ಮಾಸ್ಟ್ರಿಗೆ ಅದು ಕಾಣಲಿಲ್ಲ. ಹೊಲಿದು ತಂದು ತೂಗುಹಾಕಿದಾಗ ಪರದೆ ಒಂದು ಗೇಣು ಗಿಡ್ಡವಾಯಿತು.

"ಅಳತೆ ತಗೊಳೋಕೂ ಬರಲ್ವಾ ನಿಮಗೆ?" ಎಂದು ಆಕೆ ದಬಾಯಿಸಿದ್ದಲ್ಲದೆ, ಮಾಸ್ಟ್ರ ಕೈ ಕೆಟ್ಟಿದೆ ಎಂದು ಕಟ್ಟಡದ ಮನೆಮನೆಗೂ ಸುದ್ದಿ ಮುಟ್ಟಿಸಿದಳು. ಕಾಲಿನ ಬಗ್ಗೆ ಎಷ್ಟೋ ಮಾತು ಕೇಳಿ ಸುಮ್ಮನಿದ್ದ ಮನುಷ್ಯ. ಕೈಯ ಮೇಲೆ ಬಂದ ಮಾತು ತಡೆಯಲಾಗಲಿಲ್ಲ. ಆ ಕೈಯ ಹೆಸರನ್ನೇ ನಂಬಿ ಜನ ಕೆಲಸಕ್ಕೆ ಕರೆಯುವುದಲ್ಲವೇ?

ಮತ್ತೆ ಅಳೆಯಲು ಹೋದವರು ಹೊಸ್ತಿಲಲ್ಲೇ ಕೂತು ಒಳಮನೆ ಶೂವಿನ ಲೇಸು ಬಿಗಿದರು. "ಇದು ಬಿಚ್ಚಲ್ಲಮ್ಮಾ. ಬೇಡ ಅಂದ್ರೆ ಕಿಟಕಿನೇ ಹೊರಗೆ ತನ್ನಿ, ಇಲ್ಲೇ ಅಳೀತೀನಿ."

ಆಕೆ ಮುಖ ಗಂಟಿಕ್ಕಿಕೊಂಡು ಬಾಗಿಲಿಂದ ಕಿಟಕಿಯವರೆಗೆ ಹಳೇ ಪೇಪರು ಹಾಸಿದಳು. "ಇದರ ಮೇಲೇ ಬನ್ನಿ. ಆಚೀಚೆ ಕಾಲಿಡಬೇಡಿ."

ಮಾಸ್ಟ್ರು ಅದನ್ನೂ ನುಂಗಿಕೊಂಡರು. ಸ್ಟೂಲು ಹತ್ತಿ, ಟೇಪಿನ ತುದಿಯನ್ನು ತಾವೇ ರಾಡಿಗೆ ಹಿಡಿದು ಇಳಿಬಿಟ್ಟರು. ಗಂಡನನ್ನು ಕರೆದು ತೋರಿಸಿದರು. "ನೋಡಿ ಸಾರ್, ಅವತ್ತು ನೀವು ಹಿಡಿದದ್ದು ಇಲ್ಲಿ."

"ಓ, ಹೌದೇನೋ," ಎಂದ ಆತ ಮತ್ತೆ ಫೋನಿಗೆ ಕಿವಿಕೊಟ್ಟ. ಹೌದೇನೋ. ಅಷ್ಟೇ.

ಇಳಿಯಲು ನೋಡಿದರೆ ಕೆಳಗೆ ಪೇಪರಿಲ್ಲ. ಮಾಸ್ಟ್ರು ಮೇಲಿದ್ದಾಗಲೇ ಆಕೆ ಎಲ್ಲವನ್ನೂ ಮಡಿಸಿ ಎತ್ತಿಟ್ಟಾಗಿತ್ತು.

"ಈಗ ಹೆಂಗಮ್ಮಾ ಹೋಗ್ಲಿ?"

"ಅಯ್ಯೋ, ಅಳತೆ ಮುಗೀತಲ್ಲ, ಇನ್ನು ಬಿಚ್ಚಿಬಿಡಿ."

ಮಾಸ್ಟ್ರು ಬಿಚ್ಚಲಿಲ್ಲ. ಒರೆಸಿಟ್ಟ ನೆಲದ ನಟ್ಟನಡುವೆ, ಯಾವ ಅವಸರವೂ ಇಲ್ಲದೆ, ನಡೆದು ಬಂದರು. ಅವರು ಮೆಟ್ಟಿಲು ತಲುಪುವ ಮೊದಲೇ ಆಕೆ ಒದ್ದೆಬಟ್ಟೆ ಹಿಡಿದು ನೆಲಕ್ಕೆ ಕೂತಿದ್ದಳಂತೆ.

ಈಗ ಆ ಕಿಟಕಿಯ ಪರದೆ ನೆಲ ಮುಟ್ಟುತ್ತದೆ. ಕಟ್ಟಡದವರ ಬಾಯಲ್ಲಿ ಮಾಸ್ಟ್ರ ಕೈ ಇನ್ನೂ ಕೆಟ್ಟೇ ಇದೆ. ನೆಲ ಒರೆಸಿದಷ್ಟು ಬೇಗ ತಾನಾಡಿದ ಮಾತನ್ನು ಒರೆಸಲು ಆಕೆಗೆ ಪುರುಸೊತ್ತಾಗಿಲ್ಲ.