ಮಿಸ್ ವರ್ಲೀನಳ ಅಕ್ಷರ

ಬಾಗಿಲು ಮುಚ್ಚಿದ ಕಾರ್ಖಾನೆಯ ಊರಿಗೊಬ್ಬಳು ಇಂಥವಳು ಇದ್ದೇ ಇರುತ್ತಾಳೆ. ಅಮೆರಿಕದ ಕೆರೊಲೈನಾದ ಗುಡ್ಡಗಳ ನಡುವಿನ ನಮ್ಮೂರಿಗೆ ಮಿಸ್ ವರ್ಲೀನ್ ಸ್ಟೇಮಿ. ಕೆಲಸ ಪರದೇಶಕ್ಕೆ ಹೋಗಿ ಬೀದಿಗೆ ಬಿದ್ದವರಿಗೆ ಸರ್ಕಾರ ಹೊಸ ಕಸುಬು ಕಲಿಸಿ ಭತ್ಯೆ ಕೊಡುತ್ತದೆಂದು ತಿಳಿದ ದಿನದಿಂದ ಚರ್ಚಿನ ಊಟದ ಕೋಣೆಯೇ ಅವಳ ಕಚೇರಿ. ಆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಾಲುಚೀಲಗಳನ್ನು ಒಳಹೊರಗು ಮಾಡಿ ಹೊಲಿಗೆ ಪರೀಕ್ಷಿಸಿದವಳು, ಎಲ್ಲರ ಅರ್ಜಿಗಳನ್ನೂ ಹಾಗೇ ತಿರುವಿ ತಿರುವಿ ನೋಡುತ್ತಾಳೆ. "ಇಲ್ಯಾಕೋ ಖಾಲಿ ಬಿಟ್ಟೆ, ಡ್ವೇನ್? ಇಷ್ಟು ದೊಡ್ಡ ತೂತಿರೋ ಕಾಲುಚೀಲ ನೀನು ಹಾಕ್ಕೋತೀಯಾ?" ಎಂದು ಜೊತೆಯಲ್ಲಿ ದುಡಿದವನನ್ನೇ ಗದರಿ, ಕೊನೆಗೆ ಅಚ್ಚು ಹಾಕಿದಂಥ ಅಕ್ಷರದಲ್ಲಿ ತಾನೇ ತುಂಬುತ್ತಾಳೆ. ಕೆಲಸ ಪರದೇಶಕ್ಕೆ ಹೋಯಿತೆಂದು ಎಲ್ಲರ ಪರವಾಗಿ ಕೊಡುವ ಅರ್ಜಿಗೆ ಮೂವರ ಸಹಿ ಸಾಕೆಂದರೆ ಎಂಬತ್ತಮೂರು ಜನರಿಂದ ಹಾಕಿಸಿದ್ದಾಳೆ. ಒಬ್ಬನನ್ನಂತೂ ಹಲ್ಲಿನ ಡಾಕ್ಟರ ಕುರ್ಚಿಯಲ್ಲೇ ಹಿಡಿದಳಂತೆ. ಪುರಾವೆ ಸಾಲದೆಂದು ಅರ್ಜಿ ವಾಪಸು ಬಂತು. ಮರುದಿನವೇ ಎರಡನೆಯದು ಹೊರಟಿತು. ಮೊನ್ನೆ ವಾಷಿಂಗ್ಟನ್ನಿನ ಅಧಿಕಾರಿಯೊಬ್ಬ ಫೋನು ಮಾಡಿ, "ನಿಮ್ಮ ಕಾರ್ಖಾನೆಯ ಯಂತ್ರಗಳು ಹೊಂಡುರಾಸಿಗೇ ಹೋದವು ಅಂತ ಹೇಗೆ ಹೇಳ್ತೀರಿ, ಮೇಡಂ?" ಎಂದ. "ಯಂತ್ರ ತುಂಬಿ ಕಳಿಸಿದ ಪೆಟ್ಟಿಗೆಗಳ ಫೋಟೋ ಕಳಿಸಿದ್ದೀನಲ್ಲ, ಮೇಲಿರೋ ವಿಳಾಸ ನೋಡಿ. ಆಮೇಲೆ ಈ ಅರ್ಜಿಯ ಅಕ್ಷರ ನೋಡಿ," ಎಂದಳು ಮಿಸ್ ವರ್ಲೀನ್. "ಕಾರ್ಖಾನೇಲೆಲ್ಲ ನನ್ನ ಅಕ್ಷರಾನೇ ಚೆಂದ ಅಂತ, ಆ ವಿಳಾಸಾನೂ ನನ್ನ ಕೈಲೇ ಬರೆಸಿದ್ರು."