ಹಿಡಿಯೊಳಗಿನ ತುಕ್ಕು

ಕೊಲ್ಲಿ ನಾಡಿನ ಅಲ್ ಕೂಜ್‌ನ ಗೋದಾಮಿನಲ್ಲಿ ನನ್ನ ಮೇಜಿನ ಹಿಂದಿನ ಗೋಡೆಗೆ ಒಂದು ಹಾಳೆ ಅಂಟಿಸಿದ್ದೆ. ಕತ್ತಿಯ ಅಲಗನ್ನು ಬರಿಗೈಯಲ್ಲಿ ಮುಟ್ಟಬಾರದು. ಒರೆಯಿಂದ ತೆಗೆದ ಅಲಗಿನ ಮುಂದೆ ಮಾತಾಡಬಾರದು. ಏಸಿ ಆರಿಸಬಾರದು. ಮೂರೇ ಸಾಲು. ಉಸಿರಿನ ತೇವ ತಾಗಿದರೂ ಉಕ್ಕಿನ ಮೇಲೆ ಕಲೆ ಏಳುತ್ತದೆ ಎಂಬಂಥ ಕಾರಣಗಳನ್ನು ಬರೆದಿರಲಿಲ್ಲ. ವಿವರಿಸಿ ಹೇಳುವುದು ನನಗೆ ಮೊದಲಿನಿಂದಲೂ ಸಂಕೋಚದ ಕೆಲಸ.

ಅಲ್ಲಿದ್ದವರು ನಾವಿಬ್ಬರೇ. ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ, ಹಳೆಯ ಲೋಹದ ವಸ್ತುಗಳನ್ನು ಕಾಪಾಡುವ ಕೆಲಸ ಕಲಿತು ಬಂದವಳು. ಇನ್ನೊಬ್ಬರು ಸ್ಟೋರ್‌ಕೀಪರ್. ಉಡುಪಿ ಕಡೆಯವರು, ಐವತ್ತು ದಾಟಿದವರು, ಹದಿನೆಂಟು ವರ್ಷದಿಂದ ಅದೇ ಮಾಲೀಕರ ಬಳಿ ಇದ್ದವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಮಾಲೀಕರು ಇದ್ದದ್ದು ಅಬುಧಾಬಿಯಲ್ಲಿ. ಅವರು ಸಂಗ್ರಹಿಸಿದ ಹಳೆಯ ಜಪಾನಿ ಕತ್ತಿಗಳೂ, ಹಿಡಿಗೂ ಅಲಗಿಗೂ ನಡುವೆ ಕೂರುವ ಕೆತ್ತನೆಯ ಕಬ್ಬಿಣದ ತಟ್ಟೆಗಳೂ ನಮ್ಮ ಸುಪರ್ದಿನಲ್ಲಿದ್ದವು.

ಕತ್ತಿ ಅಸಲಿಯೋ ನಕಲಿಯೋ ಎಂದು ತಿಳಿಯಲು ಹೊಸಬರು ಅಲಗನ್ನು ನೋಡುತ್ತಾರೆ. ಬಲ್ಲವರು ಹಿಡಿಯ ಬಿದಿರಿನ ಮೊಳೆ ಹೊಡೆದು ತೆಗೆದು, ಹಿಡಿ ಕಳಚಿ, ಅದರೊಳಗೆ ಅಡಗಿರುವ ಕಬ್ಬಿಣದ ಬಾಲವನ್ನು ನೋಡುತ್ತಾರೆ. ಕಮ್ಮಾರ ತನ್ನ ಹೆಸರು ಕೊರೆಯುವುದು ಅಲ್ಲಿ. ಆ ಭಾಗವನ್ನು ಯಾರೂ ಎಂದೂ ತಿಕ್ಕುವುದಿಲ್ಲ. ನೂರಾರು ವರ್ಷ ಮರದ ಹಿಡಿಯ ಕತ್ತಲಲ್ಲಿ ಕೂತ ತುಕ್ಕು ಕಪ್ಪಾಗಿ, ಬೆರಳಿಗೆ ಹತ್ತದಷ್ಟು ಗಟ್ಟಿಯಾಗಿರುತ್ತದೆ. ಅದೇ ಕತ್ತಿಯ ಜಾತಕ. ಇದನ್ನು ನಾನು ಅಣ್ಣನಿಗೆ ಹೇಳಿರಲಿಲ್ಲ. ಹೇಳಬೇಕಾದ ವಿಷಯ ಎಂದು ತೋಚಿರಲೇ ಇಲ್ಲ.

ಆ ವರ್ಷ ಮಾಲೀಕರು ತಮಗೆ ಬಹಳ ಪ್ರಿಯವಾದ ಕತ್ತಿಯೊಂದನ್ನು ಪರೀಕ್ಷೆಗೆ ಜಪಾನಿಗೆ ಕಳಿಸುವವರಿದ್ದರು. ಅಲ್ಲಿನ ಪರಿಣತರು ನೋಡಿ ಪ್ರಮಾಣಪತ್ರ ಕೊಡಬೇಕು. ಅದಕ್ಕೂ ಮೊದಲು ಗುರುವಾರ ತಾವೇ ಬಂದು ಒಮ್ಮೆ ನೋಡುತ್ತೇನೆ ಎಂದಿದ್ದರು. ಸೋಮವಾರ ನಾನು ಹಿಡಿ ಕಳಚಿ, ಫೋಟೋ ತೆಗೆದು, ಕತ್ತಿಯನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿದ್ದೆ. ಅವತ್ತು ಆಯುಧ ಪೂಜೆ.

ಅಣ್ಣ ಪ್ರತಿ ವರ್ಷವೂ ಬಿಡದೆ ಮಾಡುತ್ತಿದ್ದರು. ಫೋರ್ಕ್‌ಲಿಫ್ಟ್‌ನ ಗಾಲಿಗಳ ಕೆಳಗೆ ನಿಂಬೆಹಣ್ಣು, ಕತ್ತರಿಗೆ, ತಕ್ಕಡಿಗೆ, ಬೀಗದ ಕೈಗಳಿಗೆ ಕುಂಕುಮ. ನನ್ನ ಲ್ಯಾಪ್‌ಟಾಪಿಗೂ ಒಂದು ಸೇವಂತಿಗೆ ಇಟ್ಟು, “ನಿಮ್ಮ ಬಾಯಿಗೂ ಒಂದು ಪೂಜೆ ಮಾಡ್ಬೇಕು ಮೇಡಂ, ಅದು ಸುಮ್ಮನೆ ಬಿದ್ದುಕೊಂಡುಂಟು,” ಎಂದರು. ನಾನು ನಕ್ಕೆ. ಆಮೇಲೆ ಕೇಳಿದರು:

“ಆ ಕತ್ತಿಗೂ ಒಂದು ಪೂಜೆ ಮಾಡ್ಲಿಕ್ಕೆ ಅಡ್ಡಿ ಇಲ್ವಲ್ಲ?”

ನಾನು ಮೇಲ್ ಬರೆಯುತ್ತಿದ್ದೆ. ತಲೆ ಎತ್ತಲಿಲ್ಲ. “ಮಾಡಿ ಅಣ್ಣ. ಅಲಗು ಮುಟ್ಟಬೇಡಿ, ಅಷ್ಟೆ.”

ಸತ್ವಾ ಬಡಾವಣೆಯ ದರ್ಜಿಯೊಬ್ಬ ಕತ್ತಿಯ ಪ್ರಯಾಣಕ್ಕೆಂದು ರೇಷ್ಮೆಯ ಉದ್ದ ಚೀಲ ಹೊಲಿಯುತ್ತಿದ್ದ. ತರಲು ಹೋದೆ. ಒಂದು ಹೊಲಿಗೆ ಬಿಚ್ಚಿಸಿ ಮತ್ತೆ ಹಾಕಿಸಿದ್ದರಿಂದ ಎರಡು ಗಂಟೆ ತಡವಾಯಿತು. ವಾಪಸು ಬಂದು ಬಾಗಿಲು ತೆರೆದಾಗ ಊದಿನಕಡ್ಡಿಯ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಹಬ್ಬದ ಹಿಂದಿನ ದಿನ ನಮ್ಮ ಮನೆಯ ಹಿತ್ತಿಲಿನದು. ದೀಪದ ಕಂಬಗಳನ್ನು ನಾನೇ ತಿಕ್ಕುತ್ತಿದ್ದೆ. ಹುಣಸೆಹಣ್ಣು.

ಕತ್ತಿ ಅದೇ ಬಟ್ಟೆಯ ಮೇಲಿತ್ತು. ಬಾಲ ಹೊಸ ಸ್ಟೀಲ್ ಚಮಚದ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಕಮ್ಮಾರನ ಹೆಸರಿನ ಎರಡು ಅಕ್ಷರಗಳ ಪಕ್ಕದಲ್ಲಿ ಕುಂಕುಮದ ಬೊಟ್ಟು.

“ಎಷ್ಟು ತುಕ್ಕು ಹಿಡ್ದಿತ್ತು ಮಾರಾಯ್ರೆ,” ಎಂದರು ಅಣ್ಣ, ಕೈ ಒರೆಸಿಕೊಳ್ಳುತ್ತಾ. “ತುಕ್ಕಿಗೆ ಪೂಜೆ ಮಾಡ್ಲಿಕ್ಕೆ ಆಗ್ತದಾ? ಜಪಾನಿನವರಿಗೆ ಹುಣಸೆಹುಳಿ ಸಿಗುದಿಲ್ವೋ ಎಂತದೋ. ಅಲಗು ಮುಟ್ಲಿಲ್ಲ ನೋಡಿ. ಬಟ್ಟೆ ಸುತ್ತಿಯೇ ತಿಕ್ಕಿದ್ದು.”

ನಿಜ. ಅಲಗಿನ ಮೇಲೆ ಒಂದು ಗುರುತೂ ಇರಲಿಲ್ಲ. ಹಾಳೆಯ ಮೂರು ಸಾಲನ್ನೂ ಅವರು ಪಾಲಿಸಿದ್ದರು.

ಅವರು ಕೊಟ್ಟ ಮಂಡಕ್ಕಿ, ಬೆಲ್ಲ ತಿಂದೆ. ಅವರು ಚಾ ಕುಡಿಯಲು ಹೊರಗೆ ಹೋದ ಮೇಲೆ ಕಬ್ಬಿಣದ ತಟ್ಟೆಗಳ ಡ್ರಾಯರ್‌ಗಳನ್ನು ಒಂದೊಂದಾಗಿ ಎಳೆದು ನೋಡಿದೆ. ಅವನ್ನು ಅಣ್ಣ ಮುಟ್ಟಿರಲಿಲ್ಲ.

ಹುಳಿಯನ್ನು ಶುದ್ಧ ನೀರಿನಲ್ಲಿ, ಆಮೇಲೆ ಸ್ಪಿರಿಟ್ಟಿನಲ್ಲಿ ತೊಳೆದು ಒಣಗಿಸಿದೆ. ಆದರೂ ಮಂಗಳವಾರ ಬೆಳಿಗ್ಗೆ ಬಟ್ಟೆ ಸರಿಸಿದಾಗ ಬಾಲದ ಅಂಚಿನಲ್ಲಿ ಕಿತ್ತಳೆ ಬಣ್ಣದ ಹುಡಿ ಎದ್ದಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ಅಕ್ಷರಗಳ ಒಳಗೆ ಇಳಿದಿತ್ತು. ಹೊಸ ತುಕ್ಕು ಆ ಬಣ್ಣದ್ದು, ನಕಲಿ ಕತ್ತಿಗಳ ತುಕ್ಕೂ ಆ ಬಣ್ಣದ್ದೇ. ಪರಿಣತರು ಮೊದಲು ಹುಡುಕುವುದು ಅದನ್ನು. ನನ್ನ ಹಳೆಯ ಫೋಟೋಗಳು ಅಲ್ಲಿ ಲೆಕ್ಕಕ್ಕಿಲ್ಲ. ಅವರು ಎದುರಿಗಿರುವ ಕಬ್ಬಿಣವನ್ನು ಮಾತ್ರ ನೋಡುತ್ತಾರೆ.

ಬುಧವಾರ ಬಾಲದ ತುಕ್ಕಿನ ವಿಷಯ ಅಣ್ಣನಿಗೆ ಹೇಳಿದೆ. ಮೂರು ಸಾಲಿನ ಹಿಂದಿನ ಕಾರಣಗಳನ್ನೆಲ್ಲ ಹೇಳಿದೆ. ಅಷ್ಟು ದೀರ್ಘವಾಗಿ ಅವರೊಂದಿಗೆ ಮಾತಾಡಿದ್ದು ಅದೇ ಮೊದಲು. ಅವರು ನಿಂತೇ ಕೇಳಿದರು. ತಮ್ಮ ವೀಸಾ ರಿನ್ಯೂ ಆಗಬೇಕಾದದ್ದು ಫೆಬ್ರವರಿಯಲ್ಲಿ ಎಂದರು. ಮಗಳ ಕೊನೆಯ ವರ್ಷದ ಓದು ಬಾಕಿ ಇದೆ ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, “ಕಡು ಚಾದಲ್ಲಿ ಅದ್ದಿ ಇಟ್ರೆ ಕಪ್ಪಾಗ್ತದಾ?” ಎಂದು ಕೇಳಿದರು.

ಆಗುತ್ತದೆ. ನಕಲಿ ಮಾಡುವವರ ಹಳೆಯ ಉಪಾಯಗಳಲ್ಲಿ ಅದೂ ಒಂದು. ಮಾಲೀಕರ ಕಣ್ಣಿಗೆ ಗೊತ್ತಾಗದಷ್ಟು ಚೆನ್ನಾಗಿ ಅದನ್ನು ಮಾಡಲು ನನಗೆ ಬರುತ್ತಿತ್ತು.

“ಆಗಲ್ಲ ಅಣ್ಣ,” ಎಂದೆ.

ಅವತ್ತು ಸಂಜೆಯೆಲ್ಲ ಎರಡು ವಾಕ್ಯಗಳನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ತಿಕ್ಕಿದ್ದು ಅವರು. ಮಾಡಿ ಎಂದದ್ದು ನಾನು. ಯಾವುದನ್ನು ಮೊದಲು ಹೇಳಿದರೆ ಅವರ ಕೆಲಸ ಉಳಿದೀತು ಎಂದು ಲೆಕ್ಕ ಹಾಕಿದೆ. ಎರಡನೆಯದನ್ನೇ ಮೊದಲು ಹೇಳುವುದು ಎಂದು ನಿಶ್ಚಯಿಸಿಕೊಂಡೆ.

ಗುರುವಾರ ಮಾಲೀಕರು ಬಂದರು. ಗ್ಲೌಸ್ ಹಾಕಿಕೊಂಡು, ಬಟ್ಟೆ ಸರಿಸಿ, ನೋಡಿದರು. ಬಾಲವನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಬೈದಿದ್ದರೆ ನನಗೆ ಬಾಯಿ ಬರುತ್ತಿತ್ತೇನೋ. ಕತ್ತಿಯನ್ನು ಮೆಲ್ಲಗೆ ಕೆಳಗಿಟ್ಟು, ಇದು ನನ್ನ ಕತ್ತಿಯೇ ಎಂದು ಹಿಂದಿಯಲ್ಲಿ ಕೇಳಿದರು. ಹೌದು ಎಂದೆ, ಫೋಟೋ ತೋರಿಸಿದೆ. ಹಾಗಾದರೆ ಇದನ್ನು ಮಾಡಿದ್ದು ಯಾರು ಎಂದರು.

ನಾನು ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ಅಣ್ಣನ ದನಿ ಕೇಳಿಸಿತು.

“ಮೇಡಂ ಇರಲಿಲ್ಲ ಸಾಹೇಬ್. ಸತ್ವಾಕ್ಕೆ ಹೋಗಿದ್ದರು. ನಾನೇ ಮಾಡಿದ್ದು.”

ಮಾಲೀಕರು ನನ್ನತ್ತ ತಿರುಗಿದರು. ನೀವು ಇರಲಿಲ್ಲವೇ?

“ಇರಲಿಲ್ಲ,” ಎಂದೆ.

ಅದು ಸತ್ಯ. ಅದರ ಮುಂದಿನ ವಾಕ್ಯಕ್ಕೆ ಮಾಲೀಕರು ಸಾಕಷ್ಟು ಸಮಯ ಕೊಟ್ಟರು ಎಂದೇ ಈಗ ಅನ್ನಿಸುತ್ತದೆ. ಏಸಿಯ ಸದ್ದು ಕೇಳಿಸುತ್ತಿತ್ತು. ಒರೆಯಿಂದ ತೆಗೆದ ಅಲಗಿನ ಮುಂದೆ ಯಾರೂ ಮಾತಾಡಲಿಲ್ಲ.

ಆ ತಿಂಗಳೇ ಅಣ್ಣನ ವೀಸಾ ಕ್ಯಾನ್ಸಲ್ ಆಯಿತು. ಕೊನೆಯ ದಿನ ಬೀಗದ ಕೈಗಳ ಗೊಂಚಲು ನನ್ನ ಕೈಗೆ ಕೊಟ್ಟರು. ಒಂದೊಂದರ ಮೇಲೂ ಒಣಗಿದ ಕುಂಕುಮ ಇನ್ನೂ ಇತ್ತು. ಹೇಳುತ್ತೇನೆ, ಈಗಲೂ ಮಾಲೀಕರಿಗೆ ಫೋನ್ ಮಾಡಿ ಹೇಳುತ್ತೇನೆ ಎಂದೆ. ಅವರು ತಲೆಯಾಡಿಸಿದರು.

“ಇಬ್ರೂ ಹೋದ್ರೆ ಇದನ್ನೆಲ್ಲ ನೋಡ್ಲಿಕ್ಕೆ ಯಾರಿದ್ದಾರೆ ತಂಗೀ?”

ಅಲ್ಲಿಯವರೆಗೆ ಅವರು ನನ್ನನ್ನು ಹಾಗೆ ಕರೆದಿರಲಿಲ್ಲ. ನಾನು ಫೋನ್ ಮಾಡಲಿಲ್ಲ.

ಆದರೂ ನೋಡೋಣವೆಂದು ಕಳಿಸಿದ ಕತ್ತಿ ಜಪಾನಿಗೆ ಹೋಗಿ, ಅಸಲಿ ಎನ್ನಲಾಗದು ಎಂಬ ಉತ್ತರದೊಂದಿಗೆ ವಾಪಸು ಬಂತು. ಮಾಲೀಕರು ಅದನ್ನು ಮತ್ತೆ ನೋಡಲು ಬರಲಿಲ್ಲ. ತಿಂಗಳಿಗೊಮ್ಮೆ ನಾನು ರೇಷ್ಮೆಯ ಚೀಲ ಬಿಚ್ಚಿ, ಅಲಗಿಗೆ ಎಣ್ಣೆ ಸವರಿ, ಹಿಡಿ ಕಳಚಿ ನೋಡುತ್ತೇನೆ. ಕಿತ್ತಳೆ ಬಣ್ಣ ಈಗ ಕಂದಿಗೆ ತಿರುಗಿದೆ. ಮುಟ್ಟಿದರೆ ಇನ್ನೂ ಬೆರಳಿಗೆ ಹತ್ತುತ್ತದೆ. ಗೋಡೆಯ ಹಾಳೆಯಲ್ಲಿ ಈಗ ನಾಲ್ಕು ಸಾಲುಗಳಿವೆ, ಕಾರಣಗಳ ಸಮೇತ.

ಈ ಆಯುಧ ಪೂಜೆಗೆ ಅಣ್ಣ ಊರಿನಿಂದ ಒಂದು ಫೋಟೋ ಕಳಿಸಿದ್ದರು: ಹಾರ ಹಾಕಿದ ಹಳೆಯ ಸ್ಕೂಟರ್. ಕೆಳಗೆ, “ಕತ್ತಿ ಹೇಗುಂಟು ತಂಗೀ?”

ಕಪ್ಪಾಗುತ್ತಿದೆ ಎಂದು ಟೈಪ್ ಮಾಡಿದೆ. ಆಮೇಲೆ ಅದನ್ನು ಅಳಿಸಿದೆ. ಅವರಿಗೆ ಸಿಕ್ಕಿದ್ದು ಮೆಸೇಜ್ ನೋಡಿದ್ದೇನೆಂಬ ಎರಡು ನೀಲಿ ಟಿಕ್ ಮಾತ್ರ.