ಬೆನ್ನು ತೋರಿಸದ ಡಿಫೆಂಡರ್

ಯಗಟಿಯಲ್ಲಿ ನಮ್ಮ ಪಕ್ಕದ ಮನೆಯವರು ಲಡಾಖಿನಲ್ಲಿ ಸೈನಿಕರ ಐಸ್-ಹಾಕಿ ತಂಡಕ್ಕೆ ಹನ್ನೆರಡು ವರ್ಷ ಡಿಫೆಂಡರ್ ಆಗಿದ್ದವರು; ಮಂಜುಗಡ್ಡೆಯ ಮೇಲೆ ನುಗ್ಗಿಬರುವ ಎದುರಾಳಿಗೆ ಮುಖ ಕೊಟ್ಟು, ಹಿಂದಕ್ಕೆ ಜಾರುತ್ತಲೇ ತಡೆಯುವುದು ಅವರ ಕೆಲಸ. ನಿವೃತ್ತರಾಗಿ ಬಂದಮೇಲೂ ಮಾತು ಮುಗಿಸಿ ಹೊರಡುವಾಗ ಬೆನ್ನು ತೋರಿಸುತ್ತಿರಲಿಲ್ಲ. ಮಂಡಿ ಸ್ವಲ್ಪ ಬಗ್ಗಿಸಿ, ನಮ್ಮನ್ನೇ ನೋಡುತ್ತ, ಹಿಂದಕ್ಕೆ ಜಾರುವಂತೆ ನಡೆದು ತಮ್ಮ ಬಾಗಿಲು ಸೇರುತ್ತಿದ್ದರು. “ಎದುರಾಳಿ ಕಣ್ಣು ನೋಡ್ಬಾರ್ದು ಕಣ್ರೀ, ಎದೆ ನೋಡ್ಬೇಕು. ಎದೆ ಸುಳ್ಳು ಹೇಳಲ್ಲ” ಎನ್ನುವುದು ಅವರ ಮಾತು.

ಅವರ ಕೊನೆಯ ಆಟ ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದಿತ್ತಂತೆ. “ಮುಂದೆ ಬರೋನ್ನ ನಾನು ತಡೀತಿದ್ದೆ. ಹಿಂದೆ ಐಸು ಒಡೆದು ನಮ್ಮ ಗೋಲ್‌ಕೀಪರ್ ಮುಳುಗಿಹೋದ. ತಿರುಗಿ ನೋಡೋ ಹೊತ್ತಿಗೆ ಬರೀ ನೀರಿತ್ತು” ಎಂದು ಒಮ್ಮೆ ಹೇಳಿದ್ದರು.

ಒಂದು ಮಧ್ಯಾಹ್ನ ಇಬ್ಬರೂ ಶಾಲೆಯ ಮೈದಾನ ದಾಟುತ್ತಿದ್ದೆವು. ಸುಡುಬಿಸಿಲು, ಒಂದು ನರಪಿಳ್ಳೆಯೂ ಇರಲಿಲ್ಲ. ಗೋಲುಕಂಬಗಳ ಮುಂದೆ ಅವರು ಕಂಬಗಳಿಗೆ ಬೆನ್ನಾಗಿ, ನನ್ನ ಕಡೆ ಮುಖ ಮಾಡಿ ಗಕ್ಕನೆ ನಿಂತರು.

“ನನ್ನ ಹಿಂದೆ ಯಾರಿದಾರೆ, ನೋಡ್ರೀ.”

“ಯಾರೂ ಇಲ್ವಲ್ಲ.”

“ಕರೀತಿದಾನೆ.”

ಮೊದಲ ಬಾರಿಗೆ ಅವರು ನನಗೆ ಬೆನ್ನು ಹಾಕಿ ತಿರುಗಿದರು. ಕಂಬಗಳ ನಡುವೆ ಮಂಡಿಯೂರಿ, ಮಣ್ಣಿನ ಕಡೆಗೆ ಕೈ ಚಾಚಿದರು. “ಹಿಡ್ಕೊಳೋ, ಈ ಸಲ ನೋಡಿದೀನಿ ಕಣೋ” ಎಂದು ಅತ್ತರು.

ಎಬ್ಬಿಸೋಣವೆಂದು ನಾನು ಬಗ್ಗಿ ಅವರ ಕೈ ಹಿಡಿದೆ. ಅಂಗೈ ಒದ್ದೆಯಾಗಿತ್ತು. ಮೂಳೆಗೆ ಇಳಿಯುವಷ್ಟು ತಣ್ಣಗಿತ್ತು.